ತೀರದ ಸಾಲ

36 ವರ್ಷ ಬ್ಯಾಂಕಿನಲ್ಲಿ ದುಡಿದವನಿಗೆ ನಿವೃತ್ತಿಯ ನಂತರವೂ ಒಂದು ಚಟ ಉಳಿದುಬಿಡುತ್ತದೆ. ಯಾವ ವಿಷಯ ಬಂದರೂ ಅದನ್ನು ಜಮಾ, ಖರ್ಚು ಎಂಬ ಎರಡು ಕಾಲಮ್ಮುಗಳಲ್ಲಿ ಬರೆದು ನೋಡುವ ಚಟ. ಮನೆ ಕಟ್ಟಿದ್ದು, ಮದುವೆ, ಆಸ್ಪತ್ರೆ, ಕಾಶಿಯಾತ್ರೆ ಎಲ್ಲವೂ ಹೇಗೋ ಆ ಕಾಲಮ್ಮುಗಳಲ್ಲಿ ಕೂತುಬಿಡುತ್ತವೆ. ಕೂರದೆ ಹಟ ಮಾಡುವ ಬಾಬುಗಳೂ ಕೆಲವು ಇವೆ. ಅವುಗಳಲ್ಲಿ ಭಾಷೆ ಒಂದು. ಪರಊರಿಗೆ ಹೋಗಿ ಅಲ್ಲಿಯ ಜನರ ಭಾಷೆ ಕಲಿತೆವು ಅನ್ನಿ. ಕಲಿಸಿದ ಶಾಲೆಗೆ ಫೀ ಕಟ್ಟಿದ ಮೇಲೆ ವ್ಯವಹಾರ ಮುಗಿಯಿತೆ? ಅಥವಾ ಏನಾದರೂ ಬಾಕಿ ಉಳಿಯುತ್ತದೆಯೆ? ಉಳಿದರೆ ಅದನ್ನು ಯಾರಿಗೆ ಕೊಡಬೇಕು?

ಇದೇನು ಕೆಲಸವಿಲ್ಲದ ಮುದುಕನ ಪ್ರಶ್ನೆ ಎಂದು ನಿಮಗೆ ಅನ್ನಿಸಬಹುದು. ಆದರೆ ನಮ್ಮ ಮನೆಗೆ ಈ ಪ್ರಶ್ನೆ ಬಂದದ್ದು ರೊಕ್ಕದ ರೂಪದಲ್ಲಿ.

ನಾನು ಧಾರವಾಡದವನು. 1994ರಲ್ಲಿ ವರ್ಗವಾಗಿ ಪುಣೆಗೆ ಬಂದೆ. ನಡುವೆ ಎರಡು ಸಲ ಬೇರೆ ಊರು ಕಂಡರೂ ತಿರುಗಿ ಇಲ್ಲಿಗೇ ಬಂದು, ಇಲ್ಲಿಯೇ ನಿವೃತ್ತನಾಗಿ, ಕೋಥರೂಡಿನಲ್ಲಿ ಇದ್ದೇನೆ. ಅಪ್ಪ ತೀರಿಕೊಂಡ ಮೇಲೆ ಅವ್ವನೂ ನಮ್ಮ ಜೊತೆಗೇ ಬಂದಳು. ತಮ್ಮನ ಮನೆ ಎರಡು ಓಣಿ ಆಚೆ. ಅವನ ಮಗಳು ಹುಟ್ಟಿ ಬೆಳೆದದ್ದೆಲ್ಲ ಪುಣೆಯಲ್ಲೇ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಇಷ್ಟು ಸಾಲದೆಂದು ಬಿ.ಕಾಂ. ಓದುತ್ತಲೇ ಫರ್ಗ್ಯೂಸನ್ ಕಾಲೇಜು ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿನಲ್ಲಿ ಸ್ಪ್ಯಾನಿಶ್ ತರಗತಿಗೆ ಸೇರಿದಳು. ಪುಣೆ ವಿಶ್ವವಿದ್ಯಾಲಯದ ವಿದೇಶಿ ಭಾಷೆಗಳ ವಿಭಾಗ ಇರುವುದು ಅಲ್ಲಿ. ಜರ್ಮನ್, ಫ್ರೆಂಚ್, ರಷ್ಯನ್, ಜಪಾನಿ ಇವುಗಳಲ್ಲಿ ಒಂದಾದರೂ ತಿಳಿದವರು ಪ್ರತಿ ಸೊಸೈಟಿಯಲ್ಲಿ ಒಬ್ಬರಾದರೂ ಸಿಗುತ್ತಾರೆ ಎನ್ನುವಷ್ಟರ ಮಟ್ಟಿಗೆ ಪುಣೆಯವರಿಗೆ ಇದರ ಹುಚ್ಚು.

2025ರ ಜನವರಿಯಲ್ಲಿ ಅವಳು ಒಂದು ಲೆಕ್ಕದ ಹಾಳೆ ಹಿಡಿದುಕೊಂಡು ಬಂದಳು. ಸ್ಪೇನ್ ದೇಶದ ಪೂರ್ವ ಕರಾವಳಿಯಲ್ಲಿ ವೆಲೆನ್ಸಿಯಾ ಎಂಬ ಊರು, ಮೆಡಿಟರೇನಿಯನ್ ಸಮುದ್ರದ ದಂಡೆ. ಅಲ್ಲಿ ನಾಲ್ಕು ವಾರ ಇದ್ದು ಭಾಷೆ ಕಲಿಯುವುದು. ಬೆಳಿಗ್ಗೆ ನಾಲ್ಕು ತಾಸು ಪಾಠ, ಉಳಿದ ಹೊತ್ತೆಲ್ಲ ಊರಲ್ಲಿ ತಿರುಗಾಡಿ ಮಾತಾಡುವುದು. ಫೀ, ವಸತಿ, ವಿಮಾನ, ವೀಸಾ, ಷೆಂಗೆನ್ ನಿಯಮದಂತೆ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯ ಕಂತು, ಎಲ್ಲ ಸೇರಿ 3 ಲಕ್ಷದ 10 ಸಾವಿರ ರೂಪಾಯಿ.

ತಮ್ಮ ಹಾಳೆ ನೋಡಿ ನಕ್ಕುಬಿಟ್ಟ. "ಸಮುದ್ರದ ದಂಡಿಮ್ಯಾಲೆ ಕೂತು ಕಲೀಬೇಕಂದ್ರ ಗೋವಾಕ್ಕ ಹೋಗು. ರಾತ್ರಿ ಬಸ್ಸಿಗೆ ಹತ್ತಿದ್ರ ಮುಂಜಾನೆ ಪಣಜಿ."

ನಾನು ಮಾತ್ರ ಬ್ಯಾಂಕಿನವನ ಹಾಗೆ ಕೇಳಿದೆ. "ನೌಕರಿಗೆ ಉಪಯೋಗ ಆಗ್ತದೇನು?"

"ಆಗಬಹುದು ದೊಡ್ಡಪ್ಪ. 20 ದೇಶದಾಗ ಸರಕಾರಿ ಭಾಷಾ ಅದು, ಹತ್ತಿರ ಹತ್ತಿರ 50 ಕೋಟಿ ಮಂದಿ ಮನೀ ಮಾತು. ಇಲ್ಲಿ ಕಂಪನಿಗಳೂ ಕೇಳ್ತಾವ. ಆದ್ರ ನಾ ಅದಕ್ಕಂತ ಹೊಂಟಿಲ್ಲ. ನನಗ ಆ ಭಾಷಾ ಚಲೋ ಅನಸ್ತದ, ಅಷ್ಟ."

ನಿಜ ಹೇಳಬೇಕೆಂದರೆ ಈ ಉತ್ತರದಿಂದಲೇ ಪ್ರಶ್ನೆ ಕಠಿಣವಾಯಿತು. ನೌಕರಿಗಾಗಿ ಎಂದಿದ್ದರೆ ಅದು ಬಂಡವಾಳ, ಲೆಕ್ಕ ಹಾಕಬಹುದಿತ್ತು. ಮೋಜಿಗಾಗಿ ಎಂದಿದ್ದರೆ ಖರ್ಚು, ಬೇಡ ಅನ್ನಬಹುದಿತ್ತು. ಚಲೋ ಅನ್ನಿಸುತ್ತದೆ ಎಂಬ ಕಾರಣಕ್ಕೆ ಕಲಿಯುವ ವಿದ್ಯೆಯನ್ನು ಎಲ್ಲಿ ಬರೆಯುವುದು?

ರೊಕ್ಕ ಇದ್ದದ್ದು ಅವ್ವನ ಹೆಸರಿನಲ್ಲಿ. ಅಪ್ಪ ಶಾಲಾಮಾಸ್ತರರಾಗಿದ್ದವರು. ಅವರ ಕುಟುಂಬ ಪಿಂಚಣಿಯಲ್ಲಿ ತಿಂಗಳು ತಿಂಗಳು ಉಳಿಸಿ ಅವ್ವ 4 ಲಕ್ಷದ ಒಂದು ಠೇವಣಿ ಮಾಡಿದ್ದಳು. ಅದು ಮೊಮ್ಮಗಳ ಮದುವೆಯ ಬಂಗಾರಕ್ಕೆ ಎಂದು ಮನೆಯವರಿಗೆಲ್ಲ ಗೊತ್ತು. ಆ ದಿನ ಸಂಜೆ, 86 ವರ್ಷದ ಅವ್ವ ಎಲ್ಲರ ಮಾತು ಮುಗಿಯುವ ತನಕ ಸುಮ್ಮನೆ ಕೂತಿದ್ದು ಕೊನೆಗೆ ಹೇಳಿದಳು: "ಆ ಎಫ್‌ಡಿ ಮುರಿಸಿ ಆಕಿಗೆ ಕೊಡು. ನಂದೊಂದು ಬಾಕಿ ಅದ."

ಅವ್ವನ ಬಾಕಿ ಏನೆಂದು ನಿಮಗೆ ಹೇಳಬೇಕು. ಅವಳು ಪುಣೆಗೆ ಬಂದಾಗ ವಯಸ್ಸು ಐವತ್ತಾರು ದಾಟಿತ್ತು. ಒಂದು ಅಕ್ಷರ ಮರಾಠಿ ಬಾರದು. ಎದುರು ಮನೆಯಲ್ಲಿ ಅವಳದೇ ವಯಸ್ಸಿನ ಒಬ್ಬ ಮರಾಠಿ ಹೆಂಗಸು. ಎಲ್ಲರೂ ಅವರನ್ನು ಕಾಕೂ ಎಂದು ಕರೆಯುತ್ತಿದ್ದರು. ಮೊದಲ ವಾರವೇ ಅವರು ಬಾಗಿಲಿಗೆ ಬಂದು "ಕಾಯ್ ಹವಂ?" ಅಂದರು. ಏನು ಬೇಕು ಎಂದು ಅವರು ಕೇಳಿದ್ದು. ಅವ್ವನಿಗೆ ಕೇಳಿಸಿದ್ದು ತೆಂಗಿನಕಾಯಿ. "ಕಾಯಿ ಬ್ಯಾಡ್ರೀ, ಮನ್ಯಾಗ ಅದ" ಎಂದು ಡಬ್ಬಿಯಿಂದ ಕಾಯಿ ತೆಗೆದು ತೋರಿಸಿದ್ದಳು. ಆ ಕಾಕೂ ನಗಲಿಲ್ಲವಂತೆ. ಕಾಯಿ ಕೈಯಲ್ಲಿ ಹಿಡಿದು, "ನಾರಳ" ಎಂದು ನಿಧಾನವಾಗಿ ಹೇಳಿದರಂತೆ. ಅಲ್ಲಿಂದ ಶುರುವಾದ ಪಾಠ ಹದಿನೇಳು ವರ್ಷ ನಡೆಯಿತು. ಗಚ್ಚಿಯ ಮೇಲೆ ಹಪ್ಪಳ ಹಾಕುವಾಗ, ಕಾಯಿಪಲ್ಯೆ ಕೊಳ್ಳುವಾಗ, ಆಳಂದಿಯಿಂದ, ದೇಹೂದಿಂದ ಬರುವ ಪಾಲಖಿ ನೋಡಲು ನಿಂತಾಗ. 2012ರಲ್ಲಿ ಕಾಕೂ ತೀರಿಕೊಂಡರು. ಮಕ್ಕಳು ಪರದೇಶದಲ್ಲಿ, ಮನೆ ಮಾರಾಟವಾಯಿತು.

"ಮರಾಠಿ ಕಲಿಸಿದ್ದಕ್ಕ ಆಕಿ ನನ್ನ ಕಡೆ ಒಂದ್ ರೂಪಾಯಿ ತಗೊಳ್ಳಿಲ್ಲ" ಎಂದಳು ಅವ್ವ. "ನಾ ತಿರುಗಿ ಕೊಡಬೇಕಂದ್ರ ಆಕಿ ಇಲ್ಲ. ಈ ಹುಡುಗಿ ಭಾಷಾ ಕಲೀಲಿಕ್ಕೆ ಹೊಂಟಾಳ. ಅದರಾಗ ಜಮಾ ಮಾಡು."

ಬ್ಯಾಂಕಿನ ನಿಯಮದ ಪ್ರಕಾರ ಇದು ನಡೆಯುವ ಮಾತಲ್ಲ. ಒಬ್ಬರಿಂದ ಪಡೆದ ಸಾಲವನ್ನು ಸಂಬಂಧವಿಲ್ಲದ ಇನ್ನೊಬ್ಬರ ಖಾತೆಗೆ ಕಟ್ಟಿದರೆ ಸಾಲ ತೀರುವುದಿಲ್ಲ. ಆದರೆ ಸಾಲ ಎಂಬುದಕ್ಕೂ ಋಣ ಎಂಬುದಕ್ಕೂ ನಮ್ಮ ಹಿರಿಯರು ವ್ಯತ್ಯಾಸ ಇಟ್ಟಿದ್ದಾರೆ. ಮನುಷ್ಯ ಹುಟ್ಟುವಾಗಲೇ ಮೂರು ಋಣ ಹೊತ್ತು ಬರುತ್ತಾನೆ ಎಂಬ ಮಾತು ವೇದಕಾಲದಿಂದ ಬಂದದ್ದು: ದೇವಋಣ, ಋಷಿಋಣ, ಪಿತೃಋಣ. ಇವುಗಳನ್ನು ತೀರಿಸುವ ಕ್ರಮ ಗಮನಿಸಿ. ಪಿತೃಋಣ ತೀರುವುದು ಮಕ್ಕಳನ್ನು ಪಡೆದು ಬೆಳೆಸುವುದರಿಂದ. ಋಷಿಋಣ ತೀರುವುದು ಅಧ್ಯಯನದಿಂದ. ಅಂದರೆ ಹಿಂದಿನವರಿಂದ ಪಡೆದದ್ದನ್ನು ಮುಂದಿನವರ ಕಡೆ ಸಾಗಿಸಬೇಕು. ಅಕ್ಷರ ಅಷ್ಟಾಗಿ ಕಲಿಯದ ನಮ್ಮವ್ವ ಎಂ.ಕಾಂ. ಓದಿದ ಮಗನಿಗೆ ಹೇಳಿದ್ದು ಈ ಲೆಕ್ಕವನ್ನೇ.

ಇದಕ್ಕೆ ಪುಣೆಯಲ್ಲಿ ದೊಡ್ಡ ಉದಾಹರಣೆಗಳಿವೆ. ಗದುಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಹೋದರು. ಉತ್ತರ ಹಿಂದುಸ್ತಾನವೆಲ್ಲ ಅಲೆದು, ಕೊನೆಗೆ ಗುರು ಸಿಕ್ಕಿದ್ದು ತಮ್ಮ ಊರಿನ ಹತ್ತಿರದ ಕುಂದಗೋಳದಲ್ಲಿ. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷದಿಂದ ಅವರ ಹೆಸರಿನಲ್ಲಿ ಪುಣೆಯಲ್ಲಿ ಸಂಗೀತೋತ್ಸವ ಶುರುವಾಯಿತು. ಭೀಮಸೇನರು 2011ರಲ್ಲಿ ಹೋದ ಮೇಲೂ ಅದು ನಿಂತಿಲ್ಲ. ಗುರುವಿಗೆ ಕೊಡಬೇಕಾದದ್ದು ಹೀಗೆ ಎಷ್ಟೋ ಎಳೆಯ ಗಾಯಕರಿಗೆ ವೇದಿಕೆಯಾಗಿ ಸಂದಿತು. ಅದೇ ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹಡಗು ಹತ್ತಿದರು. ಓದಿದ್ದು ಇಂಗ್ಲಿಷ್ ಸಾಹಿತ್ಯ. ಆದರೆ ಆ ಸಮುದ್ರಯಾನದ ಫಲವಾಗಿ 'ಸಮುದ್ರಗೀತೆಗಳು' ಬಂದದ್ದು ಕನ್ನಡಕ್ಕೆ. ಕಡಲನ್ನು ಕಾಣದ ಧಾರವಾಡದ ಸೀಮೆಯ ಮಕ್ಕಳಿಗೂ ಶಾಲೆಯಲ್ಲಿ ಕೂತಲ್ಲೇ ಕಡಲು ಕೇಳಿಸಿತು.

ಆದರೂ ಒಂದು ಮಾತು ನನ್ನನ್ನು ಕೊರೆಯುತ್ತಿತ್ತು. ದೊಡ್ಡವರ ಉದಾಹರಣೆ ಕೊಟ್ಟು ನಮ್ಮ ಖರ್ಚನ್ನು ಸಮರ್ಥಿಸಿಕೊಳ್ಳುವುದು ಸುಲಭ. ನಮ್ಮ ಸೊಸೈಟಿಯ ಎದುರಿಗೆ ಹನ್ನೆರಡು ಅಂತಸ್ತಿನ ಕಟ್ಟಡವೊಂದು ಏಳುತ್ತಿತ್ತು. ಕೆಲಸಕ್ಕೆ ಬಂದವರಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯವರು ಬಹಳ. ಅವರಲ್ಲಿ ತಾಂಡಾದಿಂದ ಬಂದ ಒಬ್ಬ ಹೆಣ್ಣುಮಗಳು ನಮ್ಮ ಮನೆಗೆ ಕುಡಿಯುವ ನೀರಿಗೆಂದು ಬರುತ್ತಿದ್ದಳು. ಗಂಡನ ಜೊತೆ ಲಂಬಾಣಿ, ಅವ್ವನ ಜೊತೆ ಕನ್ನಡ, ಅಂಗಡಿಯವನ ಜೊತೆ ಮರಾಠಿ, ಬಿಹಾರದ ಗೌಂಡಿಯ ಜೊತೆ ಹಿಂದಿ. ಪುಣೆಗೆ ಬಂದು ಎಷ್ಟು ದಿನವಾಯಿತು ಎಂದು ಕೇಳಿದರೆ, "ಹೋದ ದಸರಾಕ್ಕ ಬಂದೇವ್ರೀ" ಅಂದಳು. ವಿದೇಶಿ ಭಾಷೆ ಕಲಿಯುವವರಿಗೆ ಯುರೋಪಿನವರು ಎ1ರಿಂದ ಸಿ2ರ ತನಕ ಆರು ಮೆಟ್ಟಿಲು ಮಾಡಿಟ್ಟಿದ್ದಾರೆ, ಪ್ರತಿ ಮೆಟ್ಟಿಲಿಗೂ ಪರೀಕ್ಷೆ, ಸರ್ಟಿಫಿಕೇಟು. ಈ ಹೆಣ್ಣುಮಗಳನ್ನು ಯಾವ ಮೆಟ್ಟಿಲ ಮೇಲೆ ನಿಲ್ಲಿಸುತ್ತಾರೆ? ಅವಳ ಕಲಿಕೆಗೆ ಕಲಿಕೆ ಎಂಬ ಹೆಸರೂ ಇಲ್ಲ. ಹೊಟ್ಟೆಪಾಡು ಅನ್ನುತ್ತೇವೆ. ನಮ್ಮ ಹುಡುಗಿ ರೊಕ್ಕ ಕೊಟ್ಟು ಅದನ್ನೇ ಮಾಡಿದರೆ ವಿದ್ಯಾಭ್ಯಾಸ ಅನ್ನುತ್ತೇವೆ.

ಇದನ್ನು ಯೋಚಿಸುತ್ತ ಹೋದಾಗ ನನಗೆ ಒಂದು ಸೂತ್ರ ಹೊಳೆಯಿತು. ಬೇರೆ ದಾರಿಯಿಲ್ಲದೆ ಪರಊರಿಗೆ ಬಂದವರು ಆ ಊರಿನ ಭಾಷೆಗೆ ಬೆಲೆ ಆಗಲೇ ಕಟ್ಟಿರುತ್ತಾರೆ: ಊರಿನ ಗೋಡೆಗಳನ್ನು ಎಬ್ಬಿಸಿ, ಗಟಾರ ತೋಡಿ. ಅವರ ಮೇಲೆ ಬಾಕಿ ಹೊರಿಸಲು ನಮಗೆ ಹಕ್ಕಿಲ್ಲ. ಇಷ್ಟಪಟ್ಟು, ಆರಿಸಿಕೊಂಡು ಹೋದವರ ಮೇಲೆ ಬಾಕಿ ಇದೆ. ಆಯ್ಕೆ ಎಷ್ಟು ದೊಡ್ಡದೋ ಬಾಕಿಯೂ ಅಷ್ಟು ದೊಡ್ಡದು. ಬೆಂಗಳೂರಿಗೋ ಪುಣೆಗೋ ಸಾಫ್ಟ್‌ವೇರ್ ಕೆಲಸಕ್ಕೆ ಬಂದವರು ಇವೆರಡರ ನಡುವೆ ಎಲ್ಲೋ ನಿಲ್ಲುತ್ತಾರೆ. ಹೊಟ್ಟೆಪಾಡು ನಿಜ, ಆದರೆ ಅವರಿಗೆ ನಾಲ್ಕು ಊರುಗಳ ಆಯ್ಕೆ ಇತ್ತು ಎಂಬುದೂ ನಿಜ. ಈ ಸೂತ್ರದ ಪ್ರಕಾರ ಸಮುದ್ರದ ದಂಡೆಗೆ ಸ್ಪ್ಯಾನಿಶ್ ಕಲಿಯಲು ಹೋಗುವ ನಮ್ಮ ಹುಡುಗಿ ಎಲ್ಲರಿಗಿಂತ ದೊಡ್ಡ ಸಾಲಗಾರಳು.

ಅದನ್ನೇ ಅವಳಿಗೆ ಹೇಳಿ, ಠೇವಣಿ ಮುರಿಸಿ, ಜೂನ್ ತಿಂಗಳಲ್ಲಿ ಕಳಿಸಿದೆವು.

ವೆಲೆನ್ಸಿಯಾ ತಲುಪಿದ ಮೂರನೆಯ ದಿನ ಫೋನು ಬಂತು. "ದೊಡ್ಡಪ್ಪ, ಇಲ್ಲಿ ಬೋರ್ಡಿನ ಮ್ಯಾಲಿನ ಭಾಷಾ ಬ್ಯಾರೇನ ಅದ!" ಆಗಿದ್ದು ಇಷ್ಟು. ವೆಲೆನ್ಸಿಯಾ ಪ್ರಾಂತದಲ್ಲಿ ಸ್ಪ್ಯಾನಿಶ್ ಜೊತೆಗೆ ವೆಲೆನ್ಸಿಯನ್ ಎಂಬ ಇನ್ನೊಂದು ಭಾಷೆ ಇದೆ. ಭಾಷಾಶಾಸ್ತ್ರಜ್ಞರು ಅದನ್ನು ಕ್ಯಾಟಲನ್ ಭಾಷೆಯ ಒಂದು ರೂಪ ಅನ್ನುತ್ತಾರೆ. ಜನರಲ್ ಫ್ರಾಂಕೊನ ಆಳ್ವಿಕೆಯಲ್ಲಿ, ಅಂದರೆ 1939ರಿಂದ 1975ರ ತನಕ, ಶಾಲೆ ಮತ್ತು ಕಚೇರಿಗಳಿಗೆ ಸ್ಪ್ಯಾನಿಶ್ ಒಂದೇ. 1978ರ ಸಂವಿಧಾನ ಬಂದ ಮೇಲೆ ಉಳಿದ ಭಾಷೆಗಳಿಗೂ ಅವುಗಳ ಪ್ರಾಂತಗಳಲ್ಲಿ ಅಧಿಕೃತ ಸ್ಥಾನದ ದಾರಿ ತೆರೆಯಿತು. 1983ರ ಕಾನೂನಿನಿಂದ ವೆಲೆನ್ಸಿಯನ್ ಶಾಲೆಗಳಿಗೂ ಬಂತು. ಈಗ ಊರಿನಲ್ಲಿ ಬಹುಮಂದಿ ಸ್ಪ್ಯಾನಿಶ್ ಮಾತಾಡುತ್ತಾರೆ, ಸುತ್ತಲಿನ ಹಳ್ಳಿಗಳಲ್ಲಿ ಮನೆಮಾತು ವೆಲೆನ್ಸಿಯನ್.

ನನಗೆ ಇದು ಹೊಸದೆನ್ನಿಸಲಿಲ್ಲ. 1988ರಿಂದ ಎರಡು ವರ್ಷ ನಾನು ಮಂಗಳೂರಿನ ಶಾಖೆಯಲ್ಲಿದ್ದೆ. ಯಾರೋ ಪಾಪ, ಕನ್ನಡ ಕಲಿಯಬೇಕೆಂದು ಸಮುದ್ರ ನೋಡಿ ಮಂಗಳೂರಿಗೆ ಬಂದರು ಅನ್ನಿ. ಕೌಂಟರಿನಲ್ಲಿ ತುಳು, ಮೀನಿನ ಮಾರುಕಟ್ಟೆಯಲ್ಲಿ ಬ್ಯಾರಿ, ಚರ್ಚಿನ ಅಂಗಳದಲ್ಲಿ ಕೊಂಕಣಿ. ಎಲ್ಲರಿಗೂ ಕನ್ನಡ ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಆದರೆ ಅವರು ಮನೆಯ ಬಾಗಿಲು ಹಾಕಿಕೊಂಡು ಮಾತಾಡುವ ಭಾಷೆ ಬೇರೆ. ಅಂಥ ಊರಿನಲ್ಲಿ ಕನ್ನಡ ಕಲಿತವರು ಕನ್ನಡಕ್ಕೊಬ್ಬರಿಗೇ ಸಾಲಗಾರರಲ್ಲ, ತುಳುವಿಗೂ ಸಾಲಗಾರರು. ಅದಕ್ಕೇ ಅವಳಿಗೆ, "ಸ್ಪ್ಯಾನಿಶ್ ಕಲಿ, ಆದ್ರ ಮನೀಯವರ ಭಾಷಾದಾಗ ನಮಸ್ಕಾರನಾದ್ರೂ ಹೇಳೂದು ಕಲಿ" ಎಂದೆ. ಮರುದಿನ ಬೆಳಿಗ್ಗೆ "ಬೋನ್ ದಿಯಾ" ಅಂದಳಂತೆ. ಅಡಿಗೆಮನೆಯಲ್ಲಿದ್ದ ಮನೆಯೊಡತಿ ಕೈಯಲ್ಲಿನ ಪಾತ್ರೆ ಕೆಳಗಿಟ್ಟು ಹೊರಗೆ ಬಂದು, ಇನ್ನೊಮ್ಮೆ ಹೇಳು ಅಂದರಂತೆ.

ಆ ಊರಿಗೆ ಇನ್ನೊಂದು ಸಂಕಟವಿದೆ. ಬೇಸಿಗೆಗೆ ಬರುವವರಿಗೆ ವಾರದ ಲೆಕ್ಕದಲ್ಲಿ ಮನೆ ಕೊಟ್ಟರೆ ಲಾಭ ಹೆಚ್ಚು. ಹಾಗಾಗಿ ಊರಿನವರಿಗೇ ಬಾಡಿಗೆ ಮನೆ ಎಟುಕದಂತಾಗಿದೆ. 2024ರ ಜೂನ್ 29ರಂದು ಮಾಲಗಾ ನಗರದಲ್ಲಿ, ಜುಲೈ 6ರಂದು ಬಾರ್ಸಿಲೋನಾದಲ್ಲಿ ಸಾವಿರಾರು ಜನ ಬೀದಿಗಿಳಿದರು. ಬಾರ್ಸಿಲೋನಾದಲ್ಲಿ ಕೆಲವರು ಹೋಟೆಲಿನ ಹೊರಗೆ ಕೂತ ಪ್ರವಾಸಿಗರ ಮೇಲೆ ಮಕ್ಕಳ ಪಿಚಕಾರಿಯಿಂದ ನೀರು ಹಾರಿಸಿದ್ದನ್ನು ನೀವೂ ಟಿವಿಯಲ್ಲಿ ನೋಡಿರಬಹುದು. 2025ರ ಏಪ್ರಿಲ್ 5ರಂದು ದೇಶದ ಹತ್ತಾರು ಊರುಗಳಲ್ಲಿ ಬಾಡಿಗೆಯ ವಿರುದ್ಧ ಮೆರವಣಿಗೆ ನಡೆಯಿತು. ಇಲ್ಲಿ ಅವ್ವನ ಲೆಕ್ಕದ ಒಂದು ಕೊರತೆ ಕಾಣುತ್ತದೆ. ಋಣವನ್ನು ಮುಂದಿನವರಿಗೆ ಸಾಗಿಸುತ್ತೇನೆ ಎನ್ನುವುದು ಒಳ್ಳೆಯದೇ, ಆದರೆ ಎದುರಿಗೆ ಇರುವ ಸಾಹುಕಾರನಿಂದ ತಪ್ಪಿಸಿಕೊಳ್ಳುವ ನೆಪವೂ ಆಗಬಹುದು. ನಮ್ಮ ಹುಡುಗಿ ಪುಣೆಯಲ್ಲಿ ಎಷ್ಟು ಒಳ್ಳೆಯವಳಾದರೂ ವೆಲೆನ್ಸಿಯಾದಲ್ಲಿ ಮನೆ ಕಳೆದುಕೊಂಡವನಿಗೆ ಅದರಿಂದ ಏನು ಬಂತು? ಜೀವಂತವಾಗಿ ಎದುರಿಗಿರುವವರ ಬಾಕಿಯನ್ನು ಅಲ್ಲೇ ತೀರಿಸಬೇಕು. ಅವಳ ಮಟ್ಟಿಗೆ ಅದು ಪ್ರವಾಸಿಗರ ಫ್ಲ್ಯಾಟು ಬಿಟ್ಟು, ಸಂಸಾರವಿರುವ ಮನೆಯ ಒಂದು ಕೋಣೆಯಲ್ಲಿ ಇದ್ದದ್ದು. ತೀರ ಚಿಕ್ಕ ಕಂತು, ಆದರೂ ಸರಿಯಾದ ಖಾತೆಗೆ ಕಟ್ಟಿದ್ದು.

ಆ ಮನೆಯಲ್ಲಿ ಒಡತಿಯ ತಾಯಿಯೂ ಇದ್ದರು. ಊರಿನ ದಕ್ಷಿಣಕ್ಕೆ ಅಲ್ಬುಫೆರಾ ಎಂಬ ದೊಡ್ಡ ಕೆರೆ, ಅದರ ಸುತ್ತ ಭತ್ತದ ಗದ್ದೆಗಳು. ಪಾಯೆಯಾ ಎಂಬ ಅವರ ಹೆಸರಾಂತ ಅನ್ನದ ಅಡಿಗೆ ಹುಟ್ಟಿದ್ದು ಆ ಸೀಮೆಯಲ್ಲಿ. ಅಜ್ಜಿ ಆ ಕಡೆಯ ಹಳ್ಳಿಯವರು, ವಯಸ್ಸಿನಲ್ಲಿ ಹೆಚ್ಚುಕಡಿಮೆ ನಮ್ಮವ್ವನ ಸಮ. ಒಂದು ಸಂಜೆ ಅವರು ಹಾಳೆ ಕೊಟ್ಟು, ನಿನ್ನ ಹೆಸರನ್ನು ನಿನ್ನ ಭಾಷೆಯಲ್ಲಿ ಬರೆ ಅಂದರು. ಹುಡುಗಿ ದೇವನಾಗರಿಯಲ್ಲಿ ಬರೆದಳು. ಪುಣೆಯ ಇಂಗ್ಲಿಷ್ ಶಾಲೆಯಲ್ಲಿ ಮರಾಠಿ, ಹಿಂದಿ ಕಲಿಸಿದ್ದರಿಂದ ಆ ಲಿಪಿ ಬರುತ್ತದೆ. ಕನ್ನಡ ಮಾತಾಡಲು ಬರುತ್ತದೆ, ಬರೆಯಲು ಬಾರದು. ಆಮೇಲೆ ಅವಳು ಪೆನ್ನನ್ನು ಅಜ್ಜಿಗೆ ಕೊಟ್ಟು, ನೀವೂ ಬರೆಯಿರಿ ಅಂದಾಗ ಅಜ್ಜಿ ತಲೆಯಾಡಿಸಿದರು. ಅವರಿಗೆ ಸ್ಪ್ಯಾನಿಶ್ ಬರೆಯಲು ಬರುತ್ತದೆ. ಹುಟ್ಟಿನಿಂದ ಮಾತಾಡಿದ ವೆಲೆನ್ಸಿಯನ್ ಬರೆಯಲು ಬಾರದು. ಅವರು ಶಾಲೆಗೆ ಹೋದ ಕಾಲದಲ್ಲಿ ಅದನ್ನು ಕಲಿಸುತ್ತಿರಲಿಲ್ಲ.

ಇದನ್ನು ಫೋನಿನಲ್ಲಿ ಹೇಳುವಾಗ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಾದಳು. "ಅವರಿಗೆ ಕಲೀಬ್ಯಾಡ ಅಂತ ಸರಕಾರ ಇತ್ತು ದೊಡ್ಡಪ್ಪ. ನನಗ ಯಾರೂ ಬ್ಯಾಡ ಅಂದಿದ್ದಿಲ್ಲ." ನಾನು ಉತ್ತರ ಕೊಡಲಿಲ್ಲ. ಸಮಾಧಾನದ ಮಾತು ಹೇಳಬಹುದಿತ್ತು. ಪರರಾಜ್ಯದಲ್ಲಿ ಬೆಳೆಯುವ ನಮ್ಮ ಮಕ್ಕಳದೆಲ್ಲ ಇದೇ ಕತೆ. ಕನ್ನಡದ ಬೋರ್ಡು ಇಲ್ಲದ ಊರಿನಲ್ಲಿ ಅಕ್ಷರ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಅದನ್ನು ಆ ಹೊತ್ತಿನಲ್ಲಿ ಹೇಳಿದ್ದರೆ ಅವಳಿಗೆ ತಾನಾಗಿಯೇ ಕಂಡ ಬಾಕಿಯನ್ನು ನಾನು ಮನ್ನಾ ಮಾಡಿದಂತಾಗುತ್ತಿತ್ತು. ತಿರುಗಿ ಬಂದ ಮೇಲೆ ಅವಳು ಪ್ರತಿ ಭಾನುವಾರ ಅವ್ವನ ಹತ್ತಿರ ಕೂತು ಅಕ್ಷರ ತಿದ್ದುತ್ತಿದ್ದಾಳೆ. ಒತ್ತಕ್ಷರದ ತನಕ ಬಂದಿದೆ.

ಸ್ಪ್ಯಾನಿಶ್ ಭಾಷೆಯ ಒಂದು ವಿಶೇಷವನ್ನೂ ಅವಳಿಂದ ಕಲಿತೆ. 'ಇರು' ಎಂಬುದಕ್ಕೆ ಅವರಲ್ಲಿ ಎರಡು ಕ್ರಿಯಾಪದಗಳು. ಮೂಲ ಹೇಳಲು ಒಂದು, ಈಗಿರುವ ನೆಲೆ ಹೇಳಲು ಇನ್ನೊಂದು. ನಾನು ಧಾರವಾಡದವನು ಎನ್ನಲು 'ಸೊಯ್ ದೆ ಧಾರವಾಡ', ಪುಣೆಯಲ್ಲಿದ್ದೇನೆ ಎನ್ನಲು 'ಎಸ್ತೊಯ್ ಎನ್ ಪುಣೆ'. ಎಷ್ಟು ವರ್ಷ ಇದ್ದರೆ ಎರಡನೆಯದು ಮೊದಲನೆಯದಾಗುತ್ತದೆ ಎಂದು ಕೇಳಿದೆ. ಹಾಗೆ ಲೆಕ್ಕವಿಲ್ಲ ಅಂದಳು. ಅವ್ವನಿಗೆ ವಿವರಿಸಿದಾಗ ಅವಳು, "ಕಾಕೂ ಇರೋತನಕ ನಾ ಇಲ್ಲಿಯಾಕೀನ ಆಗಿದ್ದೆ" ಅಂದಳು. ಊರು ನಮ್ಮದಾಗುವುದು ಅಲ್ಲಿ ನಮಗೆ ಮಾತು ಕೊಟ್ಟವರಿಂದ, ರೇಶನ್ ಕಾರ್ಡಿನಿಂದಲ್ಲ ಎಂದು ನನಗೂ ಅನ್ನಿಸುತ್ತದೆ.

ಇಷ್ಟು ಹೊತ್ತು ಸಾಲ ಪಡೆದವರ ಧರ್ಮ ಹೇಳಿದೆ. ಸಾಲ ಕೊಡುವವರ ಧರ್ಮವೂ ಒಂದಿದೆ, ಊರಲ್ಲಿರ‍ುವ ನಿಮಗೆ ಹೇಳಬೇಕಾದದ್ದು ಅದನ್ನೇ. ವೆಲೆನ್ಸಿಯಾದ ದಂಡೆಯ ಅಂಗಡಿಗಳಲ್ಲಿ ನಮ್ಮ ಹುಡುಗಿ ಸ್ಪ್ಯಾನಿಶ್ ವಾಕ್ಯ ಅರ್ಧ ಹೇಳುವಷ್ಟರಲ್ಲಿ ಅಂಗಡಿಯವರು ಇಂಗ್ಲಿಷಿಗೆ ಹೊರಳುತ್ತಿದ್ದರಂತೆ. ಉಪಕಾರವೆಂದೇ ಹೊರಳುತ್ತಿದ್ದರು. ಒಳ ಓಣಿಯ ಬ್ರೆಡ್ಡಿನ ಅಂಗಡಿಯ ಹೆಂಗಸು ಮಾತ್ರ, ಹಿಂದೆ ಸಾಲು ನಿಂತಿದ್ದರೂ, ಇವಳು ವಾಕ್ಯ ಮುಗಿಸುವ ತನಕ ಕಾಯುತ್ತಿದ್ದಳು. ತಪ್ಪಿದ್ದರೆ ಸರಿಯಾದ ಮಾತನ್ನು ತಾನೊಮ್ಮೆ ಹೇಳಿ ಬ್ರೆಡ್ಡು ಕೊಡುತ್ತಿದ್ದಳು. ಅರ್ಧ ನಿಮಿಷದ ಕೆಲಸ. 3 ಲಕ್ಷದಲ್ಲಿ ಕೊಳ್ಳಲಾಗದಿದ್ದದ್ದು ಅದೊಂದೇ ಎಂದು ಹುಡುಗಿ ಹೇಳುತ್ತಾಳೆ.

ಬೆಂಗಳೂರಿಗೆ ಹೋದಾಗಲೆಲ್ಲ ನಾನು ಈ ದೃಶ್ಯ ನೋಡುತ್ತೇನೆ. ಹೊರಗಿನಿಂದ ಬಂದ ಹುಡುಗನೊಬ್ಬ, "ಇದು... ಎಷ್ಟು... ಆಗ್ತದೆ" ಎಂದು ಕಷ್ಟಪಟ್ಟು ಕೇಳುತ್ತಾನೆ. ಅಂಗಡಿಯವನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಟ್ಟುಬಿಡುತ್ತಾನೆ. ಪಕ್ಕದಲ್ಲಿದ್ದವರು ಅವನ ಉಚ್ಚಾರಕ್ಕೆ ನಗುತ್ತಾರೆ. ಅವನು ಎರಡನೆಯ ಸಲ ಕೇಳುವುದಿಲ್ಲ. ಐದು ವರ್ಷದ ನಂತರ, ಇಲ್ಲಿಯ ಅನ್ನ ತಿಂದು ಕನ್ನಡ ಕಲಿಯಲಿಲ್ಲ ಎಂದು ನಾವೇ ಅವನನ್ನು ಬಯ್ಯುತ್ತೇವೆ. ಕೌಂಟರ್ ಮುಚ್ಚಿ ಕೂತ ಬ್ಯಾಂಕು, ಗಿರಾಕಿ ಸಾಲ ತೆಗೆದುಕೊಳ್ಳಲಿಲ್ಲ ಎಂದು ದೂರಿದ ಹಾಗೆ.

ಹಾಗಾದರೆ ಬೇಕೆಂತಲೇ ಕಲಿಯದವರು? ಇದ್ದಾರೆ, ನಾನು ಕಂಡಿದ್ದೇನೆ. ಬ್ಯಾಂಕಿನ ಭಾಷೆಯಲ್ಲಿ ಅವರು ಉದ್ದೇಶಪೂರ್ವಕ ಸುಸ್ತಿದಾರರು, ಕೊಡುವ ಶಕ್ತಿಯಿದ್ದೂ ಕೊಡದವರು. ಮಳೆ ಬಾರದೆ ಕಂತು ತಪ್ಪಿಸಿದ ರೈತನನ್ನೂ ಇವರನ್ನೂ ಬ್ಯಾಂಕು ಒಂದೇ ಪಟ್ಟಿಯಲ್ಲಿ ಬರೆಯುವುದಿಲ್ಲ. ಸರಕಾರಿ ಕೌಂಟರಿನಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಕೂತು ಊರಿನವರಿಗೆ ಊರಿನ ಭಾಷೆಯಲ್ಲಿ ಉತ್ತರ ಕೊಡುವುದಿಲ್ಲ ಎನ್ನುವವರನ್ನು ನಿಯಮದ ಪ್ರಕಾರವೇ ಕೇಳಬೇಕು, ಬಿಡಬಾರದು. ಆದರೆ ವಸೂಲಿಗೂ ಒಂದು ರೀತಿಯಿದೆ. ಸಾಲ ವಸೂಲಿಗೆ ಹೋದವರು ಹೆದರಿಸಬಾರದು, ಕೈ ಮಾಡಬಾರದು ಎಂದು ರಿಸರ್ವ್ ಬ್ಯಾಂಕು 2008ರಲ್ಲಿಯೇ ಸುತ್ತೋಲೆ ಹೊರಡಿಸಿದೆ. 2025ರಲ್ಲಿ ಮಹಾರಾಷ್ಟ್ರದಲ್ಲಿ ಮರಾಠಿ ಬಾರದ ಅಂಗಡಿಯವನ ಕೆನ್ನೆಗೆ ಹೊಡೆದ ಸುದ್ದಿ ಓದಿದಾಗ, ಮೂವತ್ತು ವರ್ಷ ಈ ಊರಿನಲ್ಲಿ ಪರಭಾಷೆಯವನಾಗಿ ಬಾಳಿದ ನನಗೆ ಹೊಟ್ಟೆಯಲ್ಲಿ ತಳಮಳವಾಯಿತು. ಆ ಏಟಿನಿಂದ ಅವನಿಗೆ ಮರಾಠಿಯ ಒಂದು ಶಬ್ದ ಬಂದಿರುತ್ತದೆಯೆ? ನಮ್ಮವ್ವನಿಗೆ ಮರಾಠಿ ಬಂದದ್ದು ಒಂದು ತೆಂಗಿನಕಾಯಿಯಿಂದ.

ಅವ್ವನ ಠೇವಣಿಯಲ್ಲಿ ಉಳಿದದ್ದು 90 ಸಾವಿರ. ಬಂಗಾರದ ಮಾತನ್ನು ಯಾರೂ ಎತ್ತಿಲ್ಲ. ಕಾಕೂ ಅವರ ಬಾಕಿ ತೀರಿತೋ ಇಲ್ಲವೋ ಎಂದು ನಾನು ಈಗಲೂ ಖಚಿತವಾಗಿ ಹೇಳಲಾರೆ. ಬಹುಶಃ ತೀರುವುದಿಲ್ಲ. ಕೈಯಿಂದ ಕೈಗೆ ಹೋಗುತ್ತಿರುತ್ತದೆ, ಅಷ್ಟೆ. ಅದು ನಿಮ್ಮ ಊರಿನ ತನಕವೂ ಬರಬಹುದು. ನಿಮ್ಮ ಅಂಗಡಿಗೆ, ಕಚೇರಿಗೆ, ಓಣಿಗೆ ಯಾರಾದರೂ ಬಂದು ತಪ್ಪು ತಪ್ಪು ಕನ್ನಡದಲ್ಲಿ ಒಂದು ವಾಕ್ಯ ಶುರುಮಾಡಿದರೆ, ದಯವಿಟ್ಟು ಅದು ಮುಗಿಯುವ ತನಕ ಕಾಯಿರಿ. ಎಷ್ಟೇ ಗಡಿಬಿಡಿ ಇರಲಿ, ಅರ್ಧ ನಿಮಿಷ.